ಮನೆಯ ಮರದ ಸಾಮಾನುಗಳಿಗೆ ತುಂತುರು ಬಣ್ಣ

ಕೋಲ್ಕತ್ತಾ ನಗರದ ಹಳೆಯ ಮನೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಬಳಕೆಯಲ್ಲಿರುವ ಮರದ ಸಾಮಾನುಗಳು ಇಂದಿಗೂ ಕಂಡುಬರುತ್ತವೆ. ಬರ್ಮಾ ತೇಗದ ಮಂಚ, ಗಾಜಿನ ಬಾಗಿಲುಗಳುಳ್ಳ ಪುಸ್ತಕದ ಬೀರು, ಬಟ್ಟೆಗಳನ್ನು ಮಡಿಸಿ ತೂಗುಹಾಕುವ ‘ಆಲ್ನಾ’ ಎಂಬ ಚೌಕಟ್ಟು ಇವು ಬಂಗಾಳದ ಗೃಹಜೀವನದ ಅವಿಭಾಜ್ಯ ಅಂಗಗಳಾಗಿವೆ. ಬೌಬಜಾರಿನ ಪೀಠೋಪಕರಣದ ಅಂಗಡಿಗಳಿಂದಲೋ ರಸೆಲ್ ಬೀದಿಯ ಹರಾಜು ಮಳಿಗೆಯಿಂದಲೋ ಹಳೆಯ ಸಾಮಾನುಗಳನ್ನು ತಂದು ಹೊಸದಾಗಿಸಿಕೊಳ್ಳುವವರೂ ಉಂಟು. ದುರ್ಗಾಪೂಜೆಗೆ ಮುನ್ನ ಮನೆಯನ್ನು ಒಪ್ಪಗೊಳಿಸುವುದು ಇಲ್ಲಿನ ವಾಡಿಕೆ. ವಿದ್ಯುತ್ತಿನಿಂದ ನಡೆಯುವ ಸಣ್ಣ ತುಂತುರು ಯಂತ್ರಗಳು ಸುಲಭವಾಗಿ ದೊರೆಯುತ್ತಿರುವುದರಿಂದ, ಹಿಂದೆ ಕುಶಲಕರ್ಮಿಗಳಿಗೆ ಮಾತ್ರ ಮೀಸಲಾಗಿದ್ದ ಈ ಕೆಲಸವನ್ನು ಗೃಹಸ್ಥರೇ ಮನೆಯಲ್ಲಿ ಕೈಗೊಳ್ಳುವುದು ಸಾಧ್ಯವಾಗಿದೆ.

ಕುಂಚದ ಗೆರೆಗಳಿಲ್ಲದ ನುಣುಪಾದ ಮೇಲ್ಮೈ ಮತ್ತು ಸಮಯದ ಉಳಿತಾಯ ಈ ವಿಧಾನದ ಮುಖ್ಯ ಅನುಕೂಲಗಳು. ಆದರೆ ಕುಂಚವು ಬಣ್ಣವನ್ನು ಮರಕ್ಕೆ ಮಾತ್ರ ತಲುಪಿಸುತ್ತದೆ. ತುಂತುರು ಯಂತ್ರವು ಅದನ್ನು ಗಾಳಿಗೂ ಬೆರೆಸುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಬಣ್ಣದ ಬಗ್ಗೆ ಎಷ್ಟು ಗಮನವಿರಬೇಕೋ ಮನೆಯೊಳಗಿನ ಗಾಳಿಯ ಬಗ್ಗೆಯೂ ಅಷ್ಟೇ ಗಮನವಿರಬೇಕಾಗುತ್ತದೆ.

ಯಂತ್ರದ ಕಾರ್ಯವಿಧಾನ

ತುಂತುರು ಸಾಧನವು ಮೊದಲಿಗೆ ಬಣ್ಣಕ್ಕಾಗಿ ರೂಪುಗೊಂಡುದಲ್ಲ. ಅಮೆರಿಕದ ಟೊಲೆಡೊ ನಗರದ ವೈದ್ಯ ಅಲೆನ್ ಡಿವಿಲ್ಬಿಸ್ ಅವರು 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಒಂದು ಸಣ್ಣ ಸಾಧನವನ್ನು ನಿರ್ಮಿಸಿದರು. ಅವರ ಪುತ್ರ ಥಾಮಸ್ ಡಿವಿಲ್ಬಿಸ್ ಅವರು 1907ರಲ್ಲಿ ಅದೇ ತತ್ತ್ವವನ್ನು ಬಣ್ಣಕ್ಕೆ ಅನ್ವಯಿಸಿದರು. ದ್ರವವನ್ನು ಸೂಕ್ಷ್ಮ ಹನಿಗಳನ್ನಾಗಿ ಒಡೆದು ಗಂಟಲಿನ ಆಳಕ್ಕೆ ಕಳುಹಿಸುವುದೇ ಮೂಲ ಉದ್ದೇಶವಾಗಿದ್ದಿತೆಂಬುದನ್ನು ನೆನಪಿನಲ್ಲಿಟ್ಟರೆ, ಬಣ್ಣದ ತುಂತುರನ್ನು ಉಸಿರಾಡುವುದು ಏಕೆ ಅಪಾಯಕರವೆಂಬುದು ಸುಲಭವಾಗಿ ಮನದಟ್ಟಾಗುತ್ತದೆ.

ಬಳಕೆಯಲ್ಲಿರುವ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು, ಕಂಪ್ರೆಸರಿನಿಂದ ಬರುವ ಹೆಚ್ಚು ಒತ್ತಡದ ಗಾಳಿಯಿಂದ ನಡೆಯುವ ಸಾಮಾನ್ಯ ಸ್ಪ್ರೇ ಗನ್. ಇದರಲ್ಲಿ ಹೊರಬಂದ ಬಣ್ಣದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಸಾಮಾನಿಗೆ ಅಂಟಿಕೊಂಡು, ಉಳಿದುದು ಮಂಜಿನಂತೆ ಹಾರಿಹೋಗುವುದುಂಟು. ಎರಡನೆಯದು, ಹೆಚ್ಚು ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಹಾಯಿಸುವ ‘ಎಚ್.ವಿ.ಎಲ್.ಪಿ.’ ಯಂತ್ರ. ಇದನ್ನು ಸರಿಯಾಗಿ ಬಳಸಿದರೆ ಬಣ್ಣದ ಮೂರನೆಯ ಎರಡು ಭಾಗದಷ್ಟು ಮರವನ್ನು ಸೇರುತ್ತದೆ. ಮೂರನೆಯದು, ಗಾಳಿಯ ನೆರವಿಲ್ಲದೆ ಬಣ್ಣವನ್ನೇ ಭಾರೀ ಒತ್ತಡದಿಂದ ಹೊರದೂಡುವ ‘ಏರ್‌ಲೆಸ್’ ಯಂತ್ರ. ಇದು ಗೋಡೆಗಳಂತಹ ವಿಶಾಲ ಮೇಲ್ಮೈಗೆ ಯೋಗ್ಯವೇ ಹೊರತು ಕುರ್ಚಿ, ಮೇಜುಗಳಿಗೆ ಅಲ್ಲ. ಇದರ ಧಾರೆಯು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಮನೆಯ ಕೆಲಸಕ್ಕೆ ಎರಡನೆಯ ಬಗೆಯೇ ಸೂಕ್ತ. ಆದರೂ ಒಂದು ಲೀಟರ್ ಬಣ್ಣ ಸಿಂಪಡಿಸಿದಾಗ ಸುಮಾರು 300 ಮಿಲಿಲೀಟರಿನಷ್ಟು ಬಣ್ಣ ಗಾಳಿಯ ಪಾಲಾಗುತ್ತದೆ ಎಂಬುದನ್ನು ಮರೆಯಬಾರದು.

ಕಾಲದ ಆಯ್ಕೆ

ಕೋಲ್ಕತ್ತಾದಲ್ಲಿ ವರ್ಷಕ್ಕೆ 1,700 ಮಿಲಿಮೀಟರಿಗೂ ಅಧಿಕ ಮಳೆಯಾಗುತ್ತದೆ. ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ ಆರಂಭವಾಗುವ ಮುಂಗಾರು ಅಕ್ಟೋಬರಿನವರೆಗೆ ಮುಂದುವರಿಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗಾಳಿಯ ಸರಾಸರಿ ಆರ್ದ್ರತೆ ಶೇಕಡ 80ನ್ನು ಮೀರುತ್ತದೆ. ಪೂಜೆಗೆ ಮುನ್ನ ಬಣ್ಣ ಹಚ್ಚುವ ವಾಡಿಕೆಯು ಸರಿಯಾಗಿ ಇದೇ ಕಾಲಕ್ಕೆ ಬರುತ್ತದೆ. ಮೈಸೂರು, ಧಾರವಾಡಗಳಂತಹ ಒಣಹವೆಯ ಊರುಗಳಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ತೇವದಿಂದ ಎರಡು ಬಗೆಯ ತೊಂದರೆಗಳುಂಟಾಗುತ್ತವೆ. ಮೊದಲನೆಯದಾಗಿ, ಬಣ್ಣದಲ್ಲಿರುವ ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈಯನ್ನು ತಂಪುಗೊಳಿಸುತ್ತದೆ. ಆ ತಂಪಿಗೆ ಗಾಳಿಯಲ್ಲಿನ ನೀರಾವಿಯು ಸೂಕ್ಷ್ಮ ಹನಿಗಳಾಗಿ ಹಸಿ ಬಣ್ಣದ ಮೇಲೆ ಕೂರುತ್ತದೆ. ಬಣ್ಣ ಒಣಗಿದ ಮೇಲೆ ಅಲ್ಲಿ ಹಾಲು ಚೆಲ್ಲಿದಂತಹ ಬಿಳಿಯ ಮಬ್ಬು ಉಳಿಯುತ್ತದೆ. ಲ್ಯಾಕರಿನಲ್ಲಿ ಈ ದೋಷ ಹೆಚ್ಚು. ಎರಡನೆಯದಾಗಿ, ಮರವೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆರ್ದ್ರತೆ ಶೇಕಡ 60 ಇದ್ದಾಗ ಮರದೊಳಗಿನ ತೇವಾಂಶ ಸುಮಾರು ಶೇಕಡ 11ರಲ್ಲಿ ನಿಂತರೆ, ಶೇಕಡ 80 ಇದ್ದಾಗ ಅದು ಸುಮಾರು ಶೇಕಡ 16ಕ್ಕೆ ಏರುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರದ ಮೇಲೆ ಹಚ್ಚಿದ ಬಣ್ಣವು, ಚಳಿಗಾಲದಲ್ಲಿ ಮರ ಕುಗ್ಗಿದಾಗ ಕೀಲುಗಳ ಬಳಿ ಬಿರುಕು ಬಿಡುತ್ತದೆ.

ಆದ್ದರಿಂದ ಈ ನಗರದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿಯೇ ಪ್ರಶಸ್ತ. ಆಗಲೂ ಬೆಳಗಿನ ಮಂಜು ಕರಗಿದ ನಂತರ, ಹತ್ತು ಗಂಟೆಯಿಂದ ಮಧ್ಯಾಹ್ನ ಮೂರು ಗಂಟೆಯೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ಹಬ್ಬಕ್ಕೆ ಮುನ್ನವೇ ಕೆಲಸ ಆಗಬೇಕೆಂದಿದ್ದರೆ ಮಳೆಗಾಲ ಆರಂಭವಾಗುವ ಮೊದಲೇ ಅದನ್ನು ಪೂರೈಸಿಕೊಳ್ಳಬೇಕು. ಅಲ್ಪ ಬೆಲೆಗೆ ದೊರೆಯುವ ಆರ್ದ್ರತಾಮಾಪಕವೊಂದನ್ನು ಕೋಣೆಯಲ್ಲಿಟ್ಟುಕೊಂಡು, ಅದು ಶೇಕಡ 75ಕ್ಕಿಂತ ಹೆಚ್ಚು ತೋರಿಸಿದ ದಿನ ಕೆಲಸವನ್ನು ಮುಂದೂಡುವುದು ಲೇಸು.

ಹಳೆಯ ಬಣ್ಣದಲ್ಲಿ ಅಡಗಿರುವ ಸೀಸ

ಹಳೆಯ ಸಾಮಾನನ್ನು ಉಜ್ಜುವುದಕ್ಕೆ ಮೊದಲು ಅದರ ಬಣ್ಣ ಯಾವ ಕಾಲದ್ದೆಂದು ವಿಚಾರಿಸಬೇಕು. ಹೊಳಪು ಹಾಗೂ ಬಾಳಿಕೆಗಾಗಿ ಎನಾಮಲ್ ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಬೆರೆಸುವ ಪದ್ಧತಿ ದೀರ್ಘಕಾಲ ಇದ್ದಿತು. ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಇದರ ಪ್ರಮಾಣ ಹೆಚ್ಚು. ಕೇಂದ್ರ ಸರ್ಕಾರವು 2016ರಲ್ಲಿ ಪ್ರಕಟಿಸಿ 2017ರ ನವೆಂಬರ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಿಗೆ 90 ಭಾಗಗಳನ್ನು ಮೀರುವಂತಿಲ್ಲ. ಅದಕ್ಕೆ ಮುಂಚಿನ ಬಣ್ಣವುಳ್ಳ ಸಾಮಾನುಗಳಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮಕರ.

ಸೀಸವು ಮಕ್ಕಳ ಮೆದುಳು ಮತ್ತು ನರಮಂಡಲಕ್ಕೆ ಹಾನಿಯುಂಟುಮಾಡುತ್ತದೆ. ಇದಕ್ಕೆ ಸುರಕ್ಷಿತ ಮಿತಿ ಎಂಬುದು ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟಪಡಿಸಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರು, ಕೋಲ್ಕತ್ತಾ ಮೊದಲಾದ ಏಳು ನಗರಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೊಗ್ರಾಮ್ ಮೀರಿದ್ದುದು ಕಂಡುಬಂದಿತು. ಆಗ ಬಳಕೆಯಲ್ಲಿದ್ದ ಸೀಸಯುಕ್ತ ಪೆಟ್ರೋಲು ಇದಕ್ಕೆ ಮುಖ್ಯ ಕಾರಣವಾಗಿದ್ದಿತು; 2000ನೆಯ ಇಸವಿಯಲ್ಲಿ ಅದು ದೇಶದಾದ್ಯಂತ ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಸಮಸ್ಯೆಯತ್ತ ದೇಶದ ಗಮನ ಸೆಳೆದವರಲ್ಲಿ ಪ್ರಮುಖರು. ಪೆಟ್ರೋಲಿನ ಸೀಸ ಹೋಯಿತಾದರೂ, ಮನೆಯ ಹಳೆಯ ಬಣ್ಣದಲ್ಲಿರುವುದು ಕೆರೆದಾಗ ಧೂಳಾಗಿ ಮತ್ತೆ ಹೊರಬರುತ್ತದೆ.

ಆದಕಾರಣ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬಾರದು, ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆಯಬಾರದು. ನೀರು ಚಿಮುಕಿಸಿ ತೇವವಾಗಿಟ್ಟುಕೊಂಡೇ ಉಜ್ಜಬೇಕು. ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಲಸ ಮುಗಿದ ಮೇಲೆ ಗುಡಿಸುವ ಬದಲು ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಮಕ್ಕಳು ಮತ್ತು ಗರ್ಭಿಣಿಯರು ಆ ಕೋಣೆಗೆ ಬರಕೂಡದು. ಮಗುವಿನ ತೊಟ್ಟಿಲು ಅಥವಾ ಮಂಚದ ಹಳೆಯ ಬಣ್ಣವು ತಾನಾಗಿಯೇ ಸಿಪ್ಪೆಯೇಳುತ್ತಿದ್ದರೆ, ಅದನ್ನು ಮಗುವಿನ ಬಳಕೆಯಿಂದ ಕೂಡಲೇ ದೂರವಿಡುವುದು ಅವಶ್ಯಕ.

ಬಣ್ಣದ ಆಯ್ಕೆ

ಕೆಳಗಿರುವ ಮರ ಒಳ್ಳೆಯ ತೇಗವೋ ಬೀಟೆಯೋ ಆಗಿದ್ದಲ್ಲಿ, ಬಣ್ಣದಿಂದ ಮುಚ್ಚುವ ಅಗತ್ಯವಿದೆಯೇ ಎಂದು ಮೊದಲು ಯೋಚಿಸಬೇಕು. ಅಂತಹ ಮರಕ್ಕೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತಿಕ್ಕುವ ಪಾಲಿಶ್ ಹೆಚ್ಚು ಒಪ್ಪುತ್ತದೆ. ಬಂಗಾಳದ ಪುರುಲಿಯಾ ಜಿಲ್ಲೆ ಹಾಗೂ ನೆರೆಯ ಜಾರ್ಖಂಡ್ ಪ್ರದೇಶ ಅರಗಿಗೆ ಹೆಸರಾದವು. ಅರಗಿನ ಸಂಶೋಧನೆಗಾಗಿ ರಾಂಚಿಯ ಬಳಿ 1924ರಲ್ಲಿ ಒಂದು ಸಂಸ್ಥೆಯೇ ಸ್ಥಾಪನೆಗೊಂಡಿತು. ಚನ್ನಪಟ್ಟಣದ ಬೊಂಬೆಗಳ ಹೊಳಪು ಈ ಅರಗಿನದೇ. ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ತಯಾರಿಸುವ ಮೈಸೂರಿನ ಕಾರ್ಖಾನೆಯೂ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಆರಂಭವಾದುದು.

ಬಣ್ಣವೇ ಬೇಕೆಂದಾದಲ್ಲಿ, ಮನೆಯೊಳಗಿನ ಕೆಲಸಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಎನಾಮಲ್ ಅತ್ಯಂತ ಸೂಕ್ತ. ಇದರ ವಾಸನೆ ಕಡಿಮೆ, ಬೆಂಕಿಯ ಭಯ ಅಲ್ಪ, ಉಪಕರಣವನ್ನು ತೊಳೆಯಲು ನೀರು ಸಾಕು. ಸಾಮಾನ್ಯ ಎನಾಮಲ್ ಮತ್ತು ಲ್ಯಾಕರುಗಳಿಗೆ ಥಿನ್ನರ್ ಬೇಕಾಗುವುದರಿಂದ ಅವನ್ನು ತೆರೆದ ಮಹಡಿಯಲ್ಲಿ ಅಥವಾ ಅಂಗಳದಲ್ಲಿ ಮಾತ್ರ ಬಳಸಬೇಕು. ಎರಡು ಡಬ್ಬಗಳಲ್ಲಿ ದೊರೆತು, ಹಾರ್ಡನರ್ ಬೆರೆಸಿ ಬಳಸುವ ಪಿ.ಯು. ಲೇಪದಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ತುಂತುರು ಉಬ್ಬಸವನ್ನುಂಟುಮಾಡಬಲ್ಲುದು. ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಮುಂದೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡುತ್ತದೆ. ಇದನ್ನು ಮನೆಯಲ್ಲಿ ಸಿಂಪಡಿಸದೆ, ತಕ್ಕ ಸಲಕರಣೆಗಳುಳ್ಳ ಕಾರ್ಯಾಗಾರಕ್ಕೆ ಒಪ್ಪಿಸುವುದೇ ಸರಿ.

ಸಿದ್ಧತೆ ಮತ್ತು ಸಿಂಪಡಿಸುವ ಕ್ರಮ

ಉತ್ತಮ ಫಲಿತಾಂಶದ ಬಹುಪಾಲು ಸಿದ್ಧತೆಯನ್ನೇ ಅವಲಂಬಿಸಿದೆ. ಹಿಡಿಕೆ, ಬೀಗ, ಕನ್ನಡಿಗಳನ್ನು ಕಳಚಿಡಬೇಕು. ಜಿಡ್ಡನ್ನು ಸಾಬೂನಿನ ನೀರಿನಿಂದ ತೆಗೆದು, ಮರವನ್ನು ಪೂರ್ಣವಾಗಿ ಒಣಗಿಸಬೇಕು. ಕುಳಿಗಳಿಗೆ ಪುಟ್ಟಿ ತುಂಬಿ, ಮೊದಲು 120, ಅನಂತರ 220 ಸಂಖ್ಯೆಯ ಮರಳುಕಾಗದದಿಂದ ಮರದ ಎಳೆಯ ಗುಂಟ ಉಜ್ಜಬೇಕು. ಒಂದು ಕೋಟು ಪ್ರೈಮರ್ ಹಚ್ಚಿ, ಒಣಗಿದ ಮೇಲೆ 320 ಸಂಖ್ಯೆಯ ಕಾಗದದಿಂದ ಹಗುರವಾಗಿ ಉಜ್ಜಿ ಧೂಳನ್ನು ಒರೆಸಬೇಕು.

ಬಣ್ಣವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಡಬ್ಬದ ಮೇಲೆ ಸೂಚಿಸಿರುವ ಪ್ರಮಾಣದಲ್ಲಿ ಮಾತ್ರ ತೆಳುಗೊಳಿಸಬೇಕು. ತೀರ ದಪ್ಪವಾದ ಬಣ್ಣ ಕಿತ್ತಳೆಯ ಸಿಪ್ಪೆಯಂತೆ ಒರಟಾಗಿ ಕೂರುತ್ತದೆ. ತೀರ ತೆಳುವಾದುದು ಕಣ್ಣೀರಿನಂತೆ ಇಳಿಯುತ್ತದೆ. ಮೊದಲು ರಟ್ಟಿನ ತುಂಡಿನ ಮೇಲೆ ಸಿಂಪಡಿಸಿ, ಬಣ್ಣ ಸಮನಾಗಿ ಹರಡುವಂತೆ ಯಂತ್ರವನ್ನು ಹೊಂದಿಸಿಕೊಳ್ಳಬೇಕು.

ಯಂತ್ರದ ಮೂತಿಯನ್ನು ಮರದಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ ನೇರವಾಗಿ ಹಿಡಿಯಬೇಕು. ಕೈಯನ್ನು ಬಿಲ್ಲಿನಂತೆ ಬಳಸಿ ಬೀಸಿದರೆ ನಡುವೆ ದಪ್ಪವಾಗಿಯೂ ಅಂಚುಗಳಲ್ಲಿ ತೆಳುವಾಗಿಯೂ ಬಣ್ಣ ಬೀಳುತ್ತದೆ. ಆದ್ದರಿಂದ ತೋಳನ್ನೇ ಮೇಲ್ಮೈಗೆ ಸಮಾನಾಂತರವಾಗಿ ಸಾಗಿಸಬೇಕು. ಅಂಚಿಗೆ ತುಸು ಮೊದಲೇ ಗುಂಡಿಯನ್ನು ಒತ್ತಿ, ಇನ್ನೊಂದು ಅಂಚನ್ನು ದಾಟಿದ ಮೇಲೆ ಬಿಡಬೇಕು. ಪ್ರತಿಯೊಂದು ಪಟ್ಟಿಯೂ ಹಿಂದಿನದರ ಅರ್ಧ ಭಾಗವನ್ನು ಆವರಿಸಬೇಕು. ಮೊದಲು ಕಾಲುಗಳು, ಒಳಭಾಗ, ಮೂಲೆಗಳು. ಕಡೆಯಲ್ಲಿ ಎದ್ದು ಕಾಣುವ ಮೇಲ್ಭಾಗ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟುಗಳು ಹೆಚ್ಚು ಬಾಳಿಕೆ ಬರುತ್ತವೆ.

ಉಸಿರು ಮತ್ತು ಬೆಂಕಿ

ಸಾಧಾರಣ ಬಟ್ಟೆಯ ಮುಖವಸ್ತ್ರವು ಬಣ್ಣದ ಮಂಜನ್ನು ತಡೆಯಲಾರದು. ಎನ್-95 ಮುಖವಾಡವು ಹನಿಗಳನ್ನು ತಡೆಯುತ್ತದೆಯಾದರೂ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ; ಅದಕ್ಕೆ ಇದ್ದಿಲಿನ ಶೋಧಕವುಳ್ಳ ಮುಖವಾಡವೇ ಬೇಕು. ಥಿನ್ನರಿನ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲದ ಗುಂಟ ಹರಡಿ, ಪಕ್ಕದ ಕೋಣೆಯಲ್ಲಿರುವ ಕಿಡಿಯನ್ನೂ ತಲುಪಬಲ್ಲುದು. ಆದ್ದರಿಂದ ಕೆಳಗಿನ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು:

1. ಎದುರುಬದುರಾದ ಕಿಟಕಿಗಳನ್ನು ಕೆಲಸದ ವೇಳೆಯಲ್ಲಿಯೂ, ಅನಂತರ ವಾಸನೆ ಹೋಗುವವರೆಗೂ ತೆರೆದಿಡಬೇಕು.
2. ಅಡುಗೆಯ ಒಲೆ, ದೇವರ ದೀಪ, ಧೂಪ, ಬೀಡಿ, ಸಿಗರೇಟು ಇವು ಯಾವುವೂ ಸಮೀಪದಲ್ಲಿರಬಾರದು.
3. ಆವಿ ತುಂಬಿದ ಕೋಣೆಯಲ್ಲಿ ವಿದ್ಯುತ್ ಸ್ವಿಚ್ಚುಗಳನ್ನು ಹಾಕುವುದು, ಆರಿಸುವುದು ಕೂಡದು.
4. ನಾರಗಸೆ ಎಣ್ಣೆಯ ಪಾಲಿಶ್ ಒರೆಸಿದ ಬಟ್ಟೆಗಳನ್ನು ಮುದ್ದೆಯಾಗಿ ಎಸೆಯಬಾರದು. ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ನೀರಿನಲ್ಲಿ ನೆನೆಸಿಯೋ ಬಿಡಿಬಿಡಿಯಾಗಿ ಹರಡಿಯೋ ಒಣಗಿಸಬೇಕು.
5. ಮೂತಿಯನ್ನು ಶುಚಿಗೊಳಿಸುವ ಮೊದಲು ಯಂತ್ರದ ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು.

ಉಳಿದ ಬಣ್ಣದ ವಿಲೇವಾರಿ

ಯಂತ್ರವನ್ನು ತೊಳೆದ ಥಿನ್ನರ್ ಮತ್ತು ಉಳಿದ ಬಣ್ಣವನ್ನು ಬಚ್ಚಲಿಗೆ ಸುರಿಯುವುದು ಸಾಮಾನ್ಯ ಅಭ್ಯಾಸ. ಕೋಲ್ಕತ್ತಾದ ಮಟ್ಟಿಗೆ ಇದು ವಿಶೇಷವಾಗಿ ಹಾನಿಕರ. ಈ ನಗರದ ಕೊಳಚೆನೀರಿನ ದೊಡ್ಡ ಪಾಲು ಪೂರ್ವ ಕೋಲ್ಕತ್ತಾ ಜೌಗುಪ್ರದೇಶದತ್ತ ಹರಿಯುತ್ತದೆ. ಸುಮಾರು 12,500 ಹೆಕ್ಟೇರ್ ವಿಸ್ತೀರ್ಣದ ಈ ಪ್ರದೇಶವು 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ‘ಭೇರಿ’ ಎಂಬ ಕೆರೆಗಳಲ್ಲಿ ಇದೇ ನೀರನ್ನು ಬಿಸಿಲು ಮತ್ತು ಪಾಚಿಯ ನೆರವಿನಿಂದ ತಿಳಿಗೊಳಿಸಿ ಮೀನು ಸಾಕುತ್ತಾರೆ. ಪಕ್ಕದ ಹೊಲಗಳಲ್ಲಿ ತರಕಾರಿ ಬೆಳೆಯುತ್ತಾರೆ. ಆ ಮೀನು, ತರಕಾರಿಗಳು ನಗರದ ಮಾರುಕಟ್ಟೆಗೇ ಬರುತ್ತವೆ. ಪಾಚಿ ಮತ್ತು ಬಿಸಿಲು ಮನೆಯ ಕೊಳಚೆಯನ್ನು ಶುದ್ಧೀಕರಿಸಬಲ್ಲವೇ ಹೊರತು ಸೀಸವನ್ನು ನಾಶಮಾಡಲಾರವು.

ಹೀಗಾಗಿ ಅಗತ್ಯವಿದ್ದಷ್ಟೇ ಬಣ್ಣವನ್ನು ಕಲಸಬೇಕು. ತೊಳೆದ ಥಿನ್ನರನ್ನು ಮುಚ್ಚಿದ ಸೀಸೆಯಲ್ಲಿ ನಿಲ್ಲಿಸಿದರೆ ಬಣ್ಣ ತಳಕ್ಕಿಳಿದು, ಮೇಲಿನ ತಿಳಿ ಮತ್ತೊಮ್ಮೆ ತೊಳೆಯಲು ಒದಗುತ್ತದೆ. ಗಷ್ಟು, ಹಳೆಯ ಬಣ್ಣದ ಕೆರೆತ, ಖಾಲಿ ಡಬ್ಬಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಡುಗೆಮನೆಯ ಕಸದೊಂದಿಗೆ ಬೆರೆಸದೆ, ಅಪಾಯಕರ ಗೃಹತ್ಯಾಜ್ಯವೆಂದು ಪ್ರತ್ಯೇಕವಾಗಿ ನಗರಪಾಲಿಕೆಯ ಸಿಬ್ಬಂದಿಗೆ ಒಪ್ಪಿಸಬೇಕು.

ಸರಿಯಾದ ಕಾಲ, ಸೀಸರಹಿತ ಬಣ್ಣ, ತೆರೆದ ಕಿಟಕಿ ಮತ್ತು ಎಚ್ಚರಿಕೆಯ ವಿಲೇವಾರಿ ಈ ನಾಲ್ಕನ್ನು ಪಾಲಿಸಿದಲ್ಲಿ, ತಾತ ಮುತ್ತಾತಂದಿರ ಕಾಲದ ಬೀರು ಇನ್ನೊಂದು ತಲೆಮಾರಿಗೆ ಒದಗುತ್ತದೆ. ಅದನ್ನು ಬಳಸುವ ಮಕ್ಕಳ ಆರೋಗ್ಯಕ್ಕೂ ಇದರಿಂದ ಭಂಗ ಬರುವುದಿಲ್ಲ.