ಸ್ಪ್ಯಾನಿಷ್ ಬಾರದ ಮನೆಗೆ ಸ್ಪ್ಯಾನಿಷ್ ಸಾಹಿತ್ಯದ ಮೇಷ್ಟ್ರು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಗಣಿತ, ಭೌತಶಾಸ್ತ್ರಗಳ ಬಗ್ಗೆ ಯಾರೂ ಅಷ್ಟಾಗಿ ಹೆದರುವುದಿಲ್ಲ. ತಂದೆ ಎಂಜಿನಿಯರ್, ಎಷ್ಟೋ ಕಡೆ ತಾಯಿಯೂ ಎಂಜಿನಿಯರ್. ರಾತ್ರಿ ಊಟವಾದ ಮೇಲೆ ಲೆಕ್ಕ ಬಿಡಿಸಿಕೊಡುವವರು ಮನೆಯಲ್ಲೇ ಇರುತ್ತಾರೆ. ಪೇಚಾಟ ಶುರುವಾಗುವುದು ಮಗಳೋ ಮಗನೋ ಬಂದು ‘ಈ ವರ್ಷ ನಾನು ಎ.ಪಿ. ಸ್ಪ್ಯಾನಿಷ್ ಲಿಟರೇಚರ್ ತಗೋತೀನಿ’ ಎಂದಾಗ. ಅಲ್ಲಿಯ ಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವ ವಿದೇಶಿ ಭಾಷೆ ಸ್ಪ್ಯಾನಿಷ್. ಹೀಗಾಗಿ ನಮ್ಮ ಮಕ್ಕಳೂ ಆರು ಅಥವಾ ಏಳನೆಯ ತರಗತಿಯಿಂದ ಅದನ್ನು ಕಲಿತಿರುತ್ತಾರೆ. ತಂದೆ ತಾಯಿಗಳಿಗೋ ‘ಓಲಾ’, ‘ಗ್ರಾಸಿಯಾಸ್’ಗಳಾಚೆ ಒಂದಕ್ಷರ ಬಾರದು.

ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಆದದ್ದು ಇದೇ. ‘ಮೇಷ್ಟ್ರನ್ನ ಆರಿಸೋದು ಹೇಗೆ ಹೇಳಣ್ಣ, ನೀನೂ ಮೇಷ್ಟ್ರೇ ಅಲ್ವಾ?’ ಎಂದು ಆಕೆ ಫೋನಿನಲ್ಲಿ ಕೇಳಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಸ್ಪ್ಯಾನಿಷ್ ನನಗೂ ಬಾರದು. ಆದರೆ ಪಾಠ ಮಾಡುವವನು ಪಾಠ ಮಾಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಆ ವಿಷಯವೇ ಬರಬೇಕೆಂದಿಲ್ಲ ಎಂಬುದು ನನ್ನ ನಂಬಿಕೆ. ಅದನ್ನಿಟ್ಟುಕೊಂಡು ಆ ಪರೀಕ್ಷೆಯ ವಿವರಣಾ ಪುಸ್ತಕವನ್ನು ತರಿಸಿ ಓದಿದೆ. ಅದು ಇಂಗ್ಲಿಷಿನಲ್ಲೇ ಇದೆ. ಯಾರು ಬೇಕಾದರೂ ಓದಬಹುದು.

ಎ.ಪಿ. ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1950ರ ದಶಕದಿಂದ ಇದನ್ನು ನಡೆಸುತ್ತಾ ಬಂದಿದೆ. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜು ಮಟ್ಟದ ಪಾಠ, ಪ್ರತಿ ಮೇ ತಿಂಗಳಿನಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಒಳ್ಳೆಯ ಅಂಕ ಬಂದರೆ ಮುಂದೆ ಕಾಲೇಜಿನಲ್ಲಿ ಕ್ರೆಡಿಟ್ ಸಿಗಬಹುದು. ಎಷ್ಟು ಅಂಕಕ್ಕೆ ಎಷ್ಟು ಕ್ರೆಡಿಟ್ ಎಂಬುದು ಆಯಾ ಕಾಲೇಜಿಗೆ ಬಿಟ್ಟದ್ದು. ಸ್ಪ್ಯಾನಿಷಿನಲ್ಲಿ ಎರಡು ಪರೀಕ್ಷೆಗಳಿವೆ, ಒಂದು ಭಾಷೆಯದು, ಇನ್ನೊಂದು ಸಾಹಿತ್ಯದ್ದು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಟ್ಯೂಟರ್ ಆರಿಸುವಲ್ಲಿ ಹೆಚ್ಚಿನ ಎಡವಟ್ಟುಗಳಾಗುವುದು.

ಭಾಷೆಯ ಪರೀಕ್ಷೆಯಲ್ಲಿ ಮಾತನಾಡಬೇಕು, ಪತ್ರ ಬರೆಯಬೇಕು, ಕೇಳಿ ಅರ್ಥಮಾಡಿಕೊಳ್ಳಬೇಕು. ಸಾಹಿತ್ಯದ್ದು ಬೇರೆಯೇ ಲೋಕ. 2012-13ರಲ್ಲಿ ಪಠ್ಯಕ್ರಮವನ್ನು ಹೊಸದಾಗಿ ರೂಪಿಸಿದಾಗ 38 ಕಡ್ಡಾಯ ಕೃತಿಗಳ ಪಟ್ಟಿಯೊಂದನ್ನು ನಿಗದಿ ಮಾಡಿದರು. 1335ರ ‘ಕೊಂದೆ ಲುಕಾನೋರ್’ ಎಂಬ ನೀತಿಕಥೆಗಳ ಸಂಕಲನದ ಒಂದು ಕತೆ, 1554ರ ‘ಲಾಸರಿಯೋ’, ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ನ ಆಯ್ದ ಅಧ್ಯಾಯಗಳು, ಲೋರ್ಕಾ 1936ರಲ್ಲಿ, ತಾನು ಕೊಲೆಯಾದ ವರ್ಷವೇ, ಬರೆದು ಮುಗಿಸಿದ ನಾಟಕ, ನೆರೂಡಾ, ಬೋರ್ಹೆಸ್, ಮಾರ್ಕ್ವೆಜ್, ನಮ್ಮ ಕಾಲದ ಇಸಾಬೆಲ್ ಅಯೆಂದೆ, ಹೀಗೆ ಸುಮಾರು ಏಳು ಶತಮಾನಗಳ ಹರಹು. ಸ್ಪೇನ್ ಮಾತ್ರವಲ್ಲ, ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗಿನ ಬರಹಗಾರರೂ, ಅಮೆರಿಕದಲ್ಲೇ ಸ್ಪ್ಯಾನಿಷಿನಲ್ಲಿ ಬರೆದವರೂ ಅದರಲ್ಲಿದ್ದಾರೆ.

ನಮ್ಮ ತಂದೆ ತಾಯಿಗಳು ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮೈಸೂರಿನಲ್ಲಿ ಹುಟ್ಟಿ ಬೆಳೆದು ಸೊಗಸಾಗಿ ಕನ್ನಡ ಮಾತನಾಡುವವರೆಲ್ಲ ಪಂಪನ ‘ವಿಕ್ರಮಾರ್ಜುನ ವಿಜಯ’ದ ಒಂದು ಪದ್ಯವನ್ನು ಮಕ್ಕಳಿಗೆ ಬಿಡಿಸಿ ಹೇಳಬಲ್ಲರೇ? ಬೇಡ, ಕುಮಾರವ್ಯಾಸನ ಒಂದು ಷಟ್ಪದಿಯನ್ನು? ಕನ್ನಡ ಬಂದ ಮಾತ್ರಕ್ಕೆ ಪಂಪ ಬರುವುದಿಲ್ಲ. ಹಾಗೆಯೇ ಸ್ಪ್ಯಾನಿಷ್ ತಾಯ್ನುಡಿಯಾದವರಿಗೆಲ್ಲ ಗೊಂಗೊರನ ಸುನೀತ ಬರುತ್ತದೆ ಎಂದೇನೂ ಇಲ್ಲ.

ಟೆಕ್ಸಾಸ್‌ನಲ್ಲಿ ಸ್ಪ್ಯಾನಿಷ್ ಮನೆಮಾತಾಗಿರುವವರಿಗೆ ಬರವಿಲ್ಲ. ತಂಗಿಯ ಮನೆಯವರು ಮೊದಲು ಗೊತ್ತುಮಾಡಿದ್ದು ಅದೇ ಬೀದಿಯ ಕಾಲೇಜು ಹುಡುಗಿಯೊಬ್ಬಳನ್ನು. ಗಂಟೆಗೆ 25 ಡಾಲರ್. ತುಂಬ ಒಳ್ಳೆಯ ಹುಡುಗಿ, ಮಾತು ಅರಳು ಹುರಿದಂತೆ. ಆರು ವಾರ ಕಳೆದ ಮೇಲೆ, ಅವಳು ತಿದ್ದಿಕೊಟ್ಟ ಪ್ರಬಂಧದ ಚಿತ್ರವನ್ನು ನನಗೆ ಕಳಿಸಿದರು. ಮೂರು ಪುಟಗಳಲ್ಲೂ ಕೆಂಪು ಶಾಯಿ ಬಿದ್ದಿದ್ದುದು ಅಕ್ಷರಗಳ ಮೇಲಿನ ಸ್ವರಚಿಹ್ನೆಗಳಿಗೆ ಮಾತ್ರ. ವಾದ ಸರಿಯೇ, ಅದಕ್ಕೆ ಪಠ್ಯದಿಂದ ಆಧಾರ ಕೊಟ್ಟಿದ್ದಾಳೆಯೇ ಎಂಬ ಬಗ್ಗೆ ಒಂದು ಮಾತೂ ಇರಲಿಲ್ಲ. ಇದನ್ನು ಗುರುತಿಸಲು ನನಗೆ ಸ್ಪ್ಯಾನಿಷ್ ಬೇಕಾಗಲಿಲ್ಲ!

ಪ್ರಶ್ನೆಪತ್ರಿಕೆ ಏನು ಕೇಳುತ್ತದೆ ಎಂಬುದನ್ನು ನೋಡಿದರೆ ಇದರ ಅಪಾಯ ತಿಳಿಯುತ್ತದೆ. ಒಟ್ಟು ಮೂರು ಗಂಟೆ. ಮೊದಲ 80 ನಿಮಿಷದಲ್ಲಿ 65 ವಸ್ತುನಿಷ್ಠ ಪ್ರಶ್ನೆಗಳು, ಅವುಗಳಲ್ಲಿ 15 ಧ್ವನಿಮುದ್ರಣ ಕೇಳಿ ಉತ್ತರಿಸುವಂಥವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಉಳಿದ 100 ನಿಮಿಷದಲ್ಲಿ ನಾಲ್ಕು ಬರವಣಿಗೆಯ ಪ್ರಶ್ನೆಗಳು. ಎರಡು ಭಾಗಗಳಿಗೂ ಅರ್ಧರ್ಧ ತೂಕ. ಬರವಣಿಗೆಯ ಮೊದಲ ಪ್ರಶ್ನೆಯನ್ನು ನೋಡಿ ನನಗೆ ನಗು ಬಂತು. ಪಟ್ಟಿಯ ಯಾವುದೋ ಕೃತಿಯಿಂದ ಒಂದು ಭಾಗ ಕೊಟ್ಟು, ಕರ್ತೃ ಯಾರು, ಯಾವ ಕಾಲದ್ದು, ಇದರಲ್ಲಿ ಇಂಥ ವಸ್ತು ಹೇಗೆ ಬೆಳೆದಿದೆ ಎಂದು ಕೇಳುತ್ತಾರೆ. ನಾವು ಎಸ್ಸೆಸ್ಸೆಲ್ಸಿಯಲ್ಲಿ ಬರೆದ ‘ಸಂದರ್ಭ ಸಹಿತ ವಿವರಿಸಿ’ಯೇ ಅಟ್ಲಾಂಟಿಕ್ ದಾಟಿ ಕೂತಿದೆ! ಎರಡನೆಯದರಲ್ಲಿ ಒಂದು ಪಠ್ಯಭಾಗವನ್ನು ವರ್ಣಚಿತ್ರದಂಥ ಒಂದು ಕಲಾಕೃತಿಯೊಂದಿಗೆ ಹೋಲಿಸಬೇಕು. ಮೂರನೆಯದು ಒಂದೇ ಪಠ್ಯದ ವಿಶ್ಲೇಷಣೆ. ನಾಲ್ಕನೆಯದು ಕಠಿಣ: ಪಟ್ಟಿಯಲ್ಲಿರುವ ಒಂದು ಪಠ್ಯವನ್ನು ಪಟ್ಟಿಯಲ್ಲಿಲ್ಲದ, ವಿದ್ಯಾರ್ಥಿ ಆವರೆಗೆ ಕಂಡಿರದ ಇನ್ನೊಂದರ ಜೊತೆ ಹೋಲಿಸಬೇಕು. ಎಲ್ಲವನ್ನೂ ಸ್ಪ್ಯಾನಿಷಿನಲ್ಲೇ ಬರೆಯಬೇಕು. ಈ ಉತ್ತರಗಳಿಗೆ ವಿಷಯಕ್ಕೆ ಬೇರೆ, ಭಾಷೆಗೆ ಬೇರೆ ಅಂಕಗಳಿವೆ. ಸ್ವರಚಿಹ್ನೆ ತಿದ್ದುವ ಟ್ಯೂಟರ್ ಎರಡನೆಯದಕ್ಕೆ ಮಾತ್ರ ಆದಾರು.

ಹೋಲಿಕೆಯ ಪ್ರಶ್ನೆಗೆ ತಯಾರಿ ಎಂದರೇನು? ಪಟ್ಟಿಯಲ್ಲಿ ಗಾರ್ಸಿಲಾಸೋನ ಒಂದು ಸುನೀತವಿದೆ, ಗೊಂಗೊರನದೂ ಒಂದಿದೆ. ಇಬ್ಬರ ನಡುವೆ ಒಂದೆರಡು ತಲೆಮಾರುಗಳ ಅಂತರ. ಗಾರ್ಸಿಲಾಸೋ ತೀರಿಕೊಂಡದ್ದು 1536ರಲ್ಲಿ, ಗೊಂಗೊರ ಹುಟ್ಟಿದ್ದು 1561ರಲ್ಲಿ. ಇಬ್ಬರೂ ಸುಂದರ ತರುಣಿಯೊಬ್ಬಳಿಗೆ ‘ಯೌವನವಿದ್ದಾಗಲೇ ಅನುಭವಿಸು’ ಎನ್ನುವವರೇ. ಆದರೆ ಒಬ್ಬ ಮುಪ್ಪು ಬರುತ್ತದೆ ಎಂದು ಎಚ್ಚರಿಸಿ ಸುಮ್ಮನಾಗುತ್ತಾನೆ, ಇನ್ನೊಬ್ಬ ಮುಪ್ಪನ್ನೂ ದಾಟಿ ಏನೂ ಉಳಿಯದ ಸ್ಥಿತಿಗೆ ಓದುಗನನ್ನು ತಳ್ಳುತ್ತಾನೆ. ಪುನರುಜ್ಜೀವನ ಕಾಲದ ಮನಸ್ಸಿಗೂ ಬರೋಕ್ ಕಾಲದ ಮನಸ್ಸಿಗೂ ಇರುವ ಅಂತರ ಅದು. ಹಾಗೆಯೇ ಮೆಕ್ಸಿಕೋವನ್ನು ಗೆದ್ದ ಕೋರ್ತೆಸ್ ತನ್ನ ದೊರೆಗೆ ಬರೆದ ಪತ್ರವೂ ಪಟ್ಟಿಯಲ್ಲಿದೆ, ಸೋತವರ ಕಡೆಯ ನೆನಪುಗಳನ್ನು ಲಿಯೋನ್ ಪೋರ್ತಿಯಾ ಒಟ್ಟುಗೂಡಿಸಿದ ಪುಸ್ತಕದ ಭಾಗವೂ ಇದೆ. ಇವನ್ನು ಜೋಡಿಸಿ ಓದಿಸುವವರೇ ಈ ಪರೀಕ್ಷೆಯ ಮೇಷ್ಟ್ರು. ಒಂದೊಂದು ಕೃತಿಗೂ ಒಂದು ಪುಟದ ಸಾರಾಂಶ ಕೈಗಿಡುವವರು ಬೇಡ. ಅದಕ್ಕೆ ಗೈಡು ಸಾಕು.

ಈಗ ಮೂಲ ಪ್ರಶ್ನೆಗೆ ಬರೋಣ. ಸ್ಪ್ಯಾನಿಷ್ ಬಾರದ ತಂದೆ ತಾಯಿ ಒಳ್ಳೆಯ ಟ್ಯೂಟರನ್ನು ಗುರುತಿಸುವುದು ಹೇಗೆ?

ಪ್ರಯೋಗಶಾಲೆಯಲ್ಲಿ ಹುಡುಗ ಮಾಡಿದ ಟೈಟ್ರೇಷನ್ ಸರಿಯೋ ತಪ್ಪೋ ನೋಡಲು ನಾವು ಅವನಿಗೆ ಪ್ರಬಲತೆ ನಮಗೆ ಮೊದಲೇ ಗೊತ್ತಿರುವ ದ್ರಾವಣ ಕೊಡುತ್ತೇವೆ. ಅವನ ಉತ್ತರ ನಮ್ಮಲ್ಲಿರುವ ಉತ್ತರದ ಹತ್ತಿರ ಬಂದರೆ ಕೈ ಪಳಗಿದೆ ಎಂದರ್ಥ. ಇಲ್ಲೂ ಅದೇ ಉಪಾಯ ನಡೆಯುತ್ತದೆ. ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಹಿಂದಿನ ವರ್ಷಗಳ ಬರವಣಿಗೆಯ ಪ್ರಶ್ನೆಗಳನ್ನೂ, ಅಂಕ ಕೊಡುವ ಮಾನದಂಡಗಳನ್ನೂ, ವಿದ್ಯಾರ್ಥಿಗಳು ಬರೆದ ಮಾದರಿ ಉತ್ತರಗಳನ್ನೂ ಉಚಿತವಾಗಿ ಪ್ರಕಟಿಸುತ್ತದೆ. ಪ್ರತಿ ಉತ್ತರಕ್ಕೂ ಎಷ್ಟು ಅಂಕ ಬಂತು, ಏಕೆ ಬಂತು ಎಂಬ ಟಿಪ್ಪಣಿಯೂ ಜೊತೆಗಿರುತ್ತದೆ. ಅದರಲ್ಲಿ ಮಧ್ಯಮ ಅಂಕ ಬಂದ ಒಂದು ಉತ್ತರವನ್ನು ಆರಿಸಿಕೊಳ್ಳಿ. ಅಂಕ ಹೇಳದೆ ಟ್ಯೂಟರ್‌ಗೆ ಕೊಡಿ. ‘ಇದಕ್ಕೆ ಎಷ್ಟು ಕೊಡುತ್ತೀರಿ, ಇನ್ನೊಂದು ಅಂಕ ಹೆಚ್ಚು ಬರಬೇಕಾದರೆ ಈ ಮಗು ಏನು ಮಾಡಬೇಕಿತ್ತು?’ ಎಂದು ಕೇಳಿ. ಅವರ ಮಾತನ್ನು ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿ. ಅಂಕ ಒಂದು ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ. ಕೊರತೆ ಎಲ್ಲಿದೆ ಎಂಬುದನ್ನು ಹಿಡಿದರೇ ಎನ್ನುವುದು ಮುಖ್ಯ. ಉತ್ತರದ ಪ್ರತಿಗೆ ಹಣ ಕೊಡಬೇಕಾಗಿಲ್ಲ, ಟ್ಯೂಟರ್‌ನ ಒಂದು ಗಂಟೆಗೆ ಮಾತ್ರ ಕೊಡಿ. ಬಿಟ್ಟಿಯಾಗಿ ತಿದ್ದಿಸಿಕೊಳ್ಳುವುದು ಸರಿಯಲ್ಲ.

ತಂಗಿಯ ಮನೆಯಲ್ಲಿ ಇದನ್ನು ಇಬ್ಬರ ಮೇಲೆ ಮಾಡಿ ನೋಡಿದರು. ಟ್ಯೂಷನ್ ಸಂಸ್ಥೆಯೊಂದು ಕಳಿಸಿದವರು ‘ವೆರಿ ಗುಡ್ ಎಸ್ಸೇ’ ಎಂದು ಪೂರ್ತಿ ಅಂಕ ಕೊಟ್ಟುಬಿಟ್ಟರು. ಆ ಸಂಸ್ಥೆ 40 ಗಂಟೆಗಳ ಹಣವನ್ನು ಮುಂಗಡವಾಗಿ ಕೇಳುತ್ತಿತ್ತು. ಇನ್ನೊಬ್ಬರು ನಿವೃತ್ತ ಶಿಕ್ಷಕಿ. ಉತ್ತರವನ್ನು ಎರಡು ಸಲ ಓದಿ, ‘ಈ ಹುಡುಗ ಕತೆ ಹೇಳುತ್ತಿದ್ದಾನೆ, ವಿಶ್ಲೇಷಿಸುತ್ತಿಲ್ಲ’ ಎಂದರಂತೆ. ಟಿಪ್ಪಣಿಯಲ್ಲಿದ್ದುದೂ ಹೆಚ್ಚು ಕಡಿಮೆ ಅದೇ. ಆಕೆಯ ದರ ಕಾಲೇಜು ಹುಡುಗಿಯದಕ್ಕಿಂತ ಮೂರು ಪಟ್ಟು. ಆದರೆ ವಾರಕ್ಕೆ ಒಂದೇ ಗಂಟೆ ಸಾಕೆಂದು, ಉಳಿದ ಓದನ್ನು ಮಗುವೇ ಮಾಡಲಿ ಎಂದು ಅವರೇ ಹೇಳಿದರು. ಹೆಚ್ಚು ಗಂಟೆ ಮಾರುವವರಿಗಿಂತ ಕಡಿಮೆ ಗಂಟೆ ಹೇಳುವವರ ಮೇಲೆ ನನಗೆ ವಿಶ್ವಾಸ ಹೆಚ್ಚು.

ಆ ಶಿಕ್ಷಕಿ ಹಿಂದೆ ಎ.ಪಿ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದವರು. ಪ್ರತಿ ವರ್ಷ ಪರೀಕ್ಷೆಯ ನಂತರ ಹೈಸ್ಕೂಲು, ಕಾಲೇಜುಗಳ ಅಧ್ಯಾಪಕರನ್ನು ಈ ಕೆಲಸಕ್ಕೆ ಕರೆಯುತ್ತಾರೆ. ಅವರನ್ನು ‘ಎ.ಪಿ. ರೀಡರ್’ ಎನ್ನುತ್ತಾರೆ. ಟ್ಯೂಟರ್ ಆಗಿ ಬರುವವರನ್ನು ‘ನೀವು ರೀಡರ್ ಆಗಿದ್ದಿರಾ? ಈ ಪಾಠವನ್ನು ಪೂರ್ತಿ ಒಂದು ವರ್ಷ ತರಗತಿಯಲ್ಲಿ ಮಾಡಿದ್ದೀರಾ?’ ಎಂದು ಸಂಕೋಚವಿಲ್ಲದೆ ಕೇಳಬಹುದು. ‘ಪಟ್ಟಿಯ ಎಷ್ಟು ಕೃತಿಗಳನ್ನು ಕಲಿಸಿದ್ದೀರಿ?’ ಎಂಬುದೂ ನ್ಯಾಯವಾದ ಪ್ರಶ್ನೆಯೇ. 2012ಕ್ಕೆ ಹಿಂದಿನ ಪಟ್ಟಿ ಬೇರೆಯಿತ್ತು. ಹಳೆಯ ನೋಟ್ಸಿನಿಂದ ಪಾಠ ಮಾಡಿದರೆ ಮಗು ಬೇಕಿಲ್ಲದ್ದನ್ನು ಓದಿ ಬೇಕಾದ್ದನ್ನು ಬಿಟ್ಟೀತು. ಆಯಾ ವರ್ಷದ ವಿವರಣಾ ಪುಸ್ತಕ ಮನೆಯಲ್ಲಿರಲಿ.

ಇಂಥವರು ಸಿಗುವುದೆಲ್ಲಿ? ಮೊದಲು ಕೇಳಬೇಕಾದದ್ದು ಮಗುವಿನ ಶಾಲೆಯ ಸ್ಪ್ಯಾನಿಷ್ ಅಧ್ಯಾಪಕರನ್ನೇ. ನಿವೃತ್ತರಾದ ಸಹೋದ್ಯೋಗಿಗಳು ಯಾರೆಂಬುದು ಅವರಿಗೆ ಗೊತ್ತಿರುತ್ತದೆ. ಹತ್ತಿರದ ವಿಶ್ವವಿದ್ಯಾಲಯದ ಸ್ಪ್ಯಾನಿಷ್ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವವರು ಸಾಹಿತ್ಯವನ್ನು ಚೆನ್ನಾಗಿ ಬಲ್ಲವರು. ಅವರಿಗೆ ಪರೀಕ್ಷೆಯ ವಿಧಾನವನ್ನಷ್ಟೇ ತೋರಿಸಿಕೊಟ್ಟರಾಯಿತು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಅಧ್ಯಾಪಕರ ಅಮೆರಿಕನ್ ಸಂಘವೊಂದು 1917ರಿಂದ ಇದೆ, ಅದರ ಶಾಖೆಗಳಲ್ಲೂ ವಿಚಾರಿಸಬಹುದು. ವಿಡಿಯೋ ಪಾಠವಾದರೆ ಗಡಿಯಾರ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ಸಂಜೆ ಏಳು ಗಂಟೆಯಾದಾಗ ಮ್ಯಾಡ್ರಿಡ್‌ನಲ್ಲಿ ರಾತ್ರಿ ಎರಡು. ಬೆಂಗಳೂರಿನ ಸ್ಪ್ಯಾನಿಷ್ ಅಧ್ಯಾಪಕರಾದರೆ ಬೆಳಗಿನ ಜಾವ ಏಳಬೇಕು. ಮೆಕ್ಸಿಕೋ, ಕೊಲಂಬಿಯಾ, ಪೆರುಗಳಲ್ಲಿ ಇರುವವರಿಗೆ ಈ ತೊಂದರೆಯಿಲ್ಲ. ಪಾಠ ಮನೆಯ ಹಾಲಿನಲ್ಲಿ, ಹಿರಿಯರ ಕಣ್ಣಳತೆಯಲ್ಲಿ ನಡೆಯಲಿ.

ಪಾಠ ಶುರುವಾದ ಮೇಲೂ ಒಂದು ಗಂಟೆ ಪಕ್ಕದ ಕೋಣೆಯಲ್ಲಿ ಕೂತು ಕಿವಿಗೊಡಿ. ಅರ್ಥವಾಗದಿದ್ದರೂ ಯಾರ ದನಿ ಹೆಚ್ಚು ಕೇಳುತ್ತಿದೆ ಎಂಬುದು ತಿಳಿಯುತ್ತದಲ್ಲ! ಗಂಟೆಪೂರ್ತಿ ಟ್ಯೂಟರೇ ಮಾತನಾಡಿದರೆ ಅದು ಉಪನ್ಯಾಸ. ಪ್ರಬಂಧವನ್ನು ಟ್ಯೂಟರೇ ಬರೆದುಕೊಟ್ಟರೂ, ಈಗಿನ ಕಾಲದಂತೆ ಕಂಪ್ಯೂಟರಿನ ಬುದ್ಧಿಯೇ ಬರೆದುಕೊಟ್ಟರೂ ಫಲ ಒಂದೇ, ಮೇ ತಿಂಗಳಿನಲ್ಲಿ ಮಗುವಿನ ಮುಂದೆ ಇಬ್ಬರೂ ಇರುವುದಿಲ್ಲ. ವಾರಕ್ಕೊಂದು ಉತ್ತರವನ್ನು ಮಗು ಗಡಿಯಾರ ಇಟ್ಟುಕೊಂಡು ತಾನೇ ಬರೆಯಬೇಕು. ದೀರ್ಘ ಪ್ರಬಂಧಕ್ಕೆ 35 ನಿಮಿಷ, ಚಿಕ್ಕದಕ್ಕೆ 15.

ಮೂಲ ಪಠ್ಯಗಳಿಗಾಗಿ ಹಣ ಸುರಿಯಬೇಕಾಗಿಲ್ಲ. ಹಳೆಯ ಕೃತಿಗಳು ಸ್ಪೇನಿನ ಅಲಿಕಾಂತೆ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಆರಂಭವಾದ ಸರ್ವಾಂಟಿಸ್ ಅಂತರ್ಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ತಂದೆ ತಾಯಿಗಳಿಗೆ ನನ್ನದೊಂದು ಸಲಹೆ ಇದೆ. ಈ ಪಟ್ಟಿಯ ನಾಲ್ಕಾರು ಕತೆಗಳನ್ನು ನೀವೂ ಇಂಗ್ಲಿಷ್ ಅನುವಾದದಲ್ಲಿ ಓದಿ. ಮಾರ್ಕ್ವೆಜ್‌ನ ಮಂಗಳವಾರದ ಮಧ್ಯಾಹ್ನದ ಕತೆಯಲ್ಲಿ ಬಡ ತಾಯಿಯೊಬ್ಬಳು ಪುಟ್ಟ ಮಗಳೊಂದಿಗೆ ಸುಡುಬಿಸಿಲಿನಲ್ಲಿ ರೈಲಿಳಿದು, ಕಳ್ಳನೆಂದು ಗುಂಡೇಟಿಗೆ ಬಲಿಯಾದ ಮಗನ ಗೋರಿಗೆ ಹೂವಿಡಲು ಬರುತ್ತಾಳೆ. ಊರವರೆಲ್ಲ ಕಿಟಕಿಯಿಂದ ಇಣುಕುತ್ತಾರೆ. ಇದನ್ನು ಓದಿದ ನನ್ನ ತಂಗಿ ಮಗಳೊಡನೆ ಒಂದು ಸಂಜೆಯಿಡೀ ಮಾತನಾಡಿದಳಂತೆ, ಅದೂ ಕನ್ನಡದಲ್ಲಿ. ಪರದೇಶದ ಸಾಹಿತ್ಯ ಓದುತ್ತಾ ನಮ್ಮದನ್ನು ಮಕ್ಕಳು ಮರೆತರು ಎಂದು ಹಿರಿಯರು ಬೇಸರಪಡುವುದುಂಟು. ಓದುವುದನ್ನು ಬಲ್ಲ ಮಗು ಕುವೆಂಪು ಅವರನ್ನು ಮುಂದೊಂದು ದಿನ ಓದೀತು ಎಂಬ ಆಸೆ ನನಗಿದೆ.

ಇನ್ನು ಕಾಲದ ಲೆಕ್ಕ. ಆಗಸ್ಟ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ರಜೆಗಳನ್ನು ಕಳೆದರೆ, ಸುಮಾರು 30 ವಾರ. 38 ಕೃತಿಗಳಿಗೆ ಅದೇ ಬಿಗಿಯಾಯಿತು. ಜನವರಿಯಲ್ಲಿ ಟ್ಯೂಟರ್ ಹುಡುಕಲು ಹೊರಟರೆ ಉಳಿಯುವುದು 16 ವಾರ, ಅಂದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಕೃತಿ. ಉಳಿದ ವಿಷಯಗಳ ಜೊತೆ ಇದು ಆಗದ ಮಾತು. ಹಾಗೆ ತಡವಾದವರು ಆ ವರ್ಷಕ್ಕೆ ಭಾಷೆಯ ಪರೀಕ್ಷೆಯನ್ನೇ ಬರೆದು, ಸಾಹಿತ್ಯವನ್ನು ಮರುವರ್ಷಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಶಾಲೆಯಲ್ಲಿ ಈ ಪಾಠವೇ ಇಲ್ಲದಿದ್ದರೆ ಮನೆಯಲ್ಲೇ ಓದಿ ಪರೀಕ್ಷೆಗೆ ಕೂರಲು ಅವಕಾಶವಿದೆ. ಆದರೆ ಪ್ರಶ್ನೆಪತ್ರಿಕೆಗೆ ಶಾಲೆಯ ಎ.ಪಿ. ಸಂಯೋಜಕರ ಮೂಲಕವೇ ನವೆಂಬರ್ ಮಧ್ಯದೊಳಗೆ ಹೆಸರು ಕೊಟ್ಟಿರಬೇಕು. ನಿಮ್ಮ ಶಾಲೆ ಈ ಪರೀಕ್ಷೆ ನಡೆಸದಿದ್ದರೆ ಬೇರೆ ಶಾಲೆಯನ್ನು ಒಪ್ಪಿಸಬೇಕಾಗುತ್ತದೆ. ಆ ಫೋನುಗಳನ್ನು ಸೆಪ್ಟೆಂಬರಿನಲ್ಲೇ ಮಾಡಿ ಮುಗಿಸಿ.