ಲೊಕೇಶನ್ ಕೇಳಬೇಡಿ

ಶಿವರಾತ್ರಿ ಕಳೆದು ಸುರಗಿ ಅರಳುವ ಹೊತ್ತಿಗೆ ಕಾಲೇಜಿನಲ್ಲಿ ಇಂಟರ್ನಲ್ಸ್ ಶುರುವಾಗಿರುತ್ತವೆ. ಆದರೂ ಶನಿವಾರ ಸಂಜೆ ಬಸ್ಸು ಹತ್ತಿ ಸಾಗರದ ಹತ್ತಿರದ ನಮ್ಮೂರಿಗೆ ಬಂದುಬಿಡುತ್ತೇನೆ. ಭಾನುವಾರ ಬೆಳಗ್ಗೆ ಆರೂವರೆಗೆಲ್ಲ ಮನೆ ಹಿಂದಿನ ಕಾನಿನಲ್ಲಿ ಇರಬೇಕು. ಬಿಸಿಲೇರಿದರೆ ಬಿಳಿ ಹೂ ಸುಣ್ಣದ ಬೊಟ್ಟಿನಂತೆ ಬರುತ್ತದೆ, ಎಸಳಿನ ಗೆರೆ ಒಂದೂ ಕಾಣುವುದಿಲ್ಲ.

ಕ್ಯಾಮೆರಾ ಇಲ್ಲ, ಮೊಬೈಲೇ. ಸುರಗಿ ಬಿಡುವುದು ಹಳೆಯ ಕೊಂಬೆಗೆ ಅಂಟಿಕೊಂಡು. ಬಿಳಿ ಎಸಳುಗಳ ನಡುವೆ ಹಳದಿ ಕೇಸರಗಳ ಕುಚ್ಚು. ಪರದೆಯ ಮೇಲೆ ಎಸಳನ್ನೇ ಮುಟ್ಟಿ ಬೆಳಕು ಸ್ವಲ್ಪ ಇಳಿಸಿದರೆ ಹಿಂದಿನ ನೆರಳು ಕಪ್ಪಾಗಿ ಹೂ ಎದ್ದು ಕಾಣುತ್ತದೆ. ರಸ್ತೆ ಬದಿಯ ಮುತ್ತುಗಕ್ಕೂ ಇದೇ ಉಪಾಯ, ಇಲ್ಲದಿದ್ದರೆ ಕೆಂಪೆಲ್ಲ ಒಂದೇ ಮುದ್ದೆ. ಅಜ್ಜಿಗೆ ಇದೆಲ್ಲ ತಮಾಷೆ. "ಒಣಗಿದ ಮೇಲೂ ಘಮ ಬಿಡೋ ಹೂವಿಗೆ ಫೋಟೊ ಯಾಕೋ?"

ಹೋದ ವರ್ಷ ಮೇ ತಿಂಗಳಲ್ಲಿ ಹಳೇ ಮಾವಿನ ಮರದ ಮೇಲೆ ಸೀತಾಳೆ ದಂಡೆ ಅರಳಿತ್ತು. ಗೇಣುದ್ದದ ಗೊಂಚಲು, ಬಿಳಿ ಮೇಲೆ ನೇರಳೆ ಚುಕ್ಕೆ. ಅಸ್ಸಾಮಿನ ರಾಜ್ಯಪುಷ್ಪ ಇದೇ. ಬಿಹು ಹಬ್ಬಕ್ಕೆ ಅಲ್ಲಿನ ಹೆಣ್ಣುಮಕ್ಕಳು ಮುಡಿಯುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಯಾರೋ ಲೊಕೇಶನ್ ಕೇಳಿದರು. ಖುಷಿಯಲ್ಲಿ ಮ್ಯಾಪಿನ ಲಿಂಕನ್ನೇ ಕೊಟ್ಟೆ.

ಎರಡು ವಾರ ಬಿಟ್ಟು ಹೋದರೆ ಗಿಡವೇ ಇಲ್ಲ. ತೊಗಟೆ ಸಮೇತ ಕಿತ್ತಿದ್ದರು, ಬೇರಿನ ಎರಡು ತುಂಡು ಮಾತ್ರ ಅಂಟಿಕೊಂಡಿದ್ದವು. ನನ್ನ ಲಿಂಕ್ ನೋಡಿಯೇ ಬಂದರೋ, ದಾರಿಹೋಕರೋ ಗೊತ್ತಿಲ್ಲ. ಆದರೆ ಅಷ್ಟು ವರ್ಷ ಇದ್ದದ್ದು ಆಗಲೇ ಹೋಯಿತು. ಪಕ್ಕದ ಮನೆ ಮಾವ, "ಹೋಗ್ಲಿ ಬಿಡು ತಮ್ಮಾ, ಬದನಿಕೆ ತಾನೇ, ಮರಕ್ಕೆ ಒಳ್ಳೇದಾಯ್ತು" ಅಂದರು. ಬದನಿಕೆಯಾದರೆ ಮರದ ರಸ ಹೀರುತ್ತದೆ. ಸೀತಾಳೆ ಹಾಗಲ್ಲ, ತೊಗಟೆಯ ಮೇಲೆ ಸುಮ್ಮನೆ ಕೂತು ಮಳೆ, ಇಬ್ಬನಿಯ ತೇವದಲ್ಲಿ ಬದುಕುತ್ತದೆ. ಅದರ ಧೂಳಿನಂಥ ಬೀಜ ಮೊಳೆಯಲು ತಕ್ಕ ಶಿಲೀಂಧ್ರ ಸಿಗಬೇಕು, ಆಮೇಲೂ ಹೂ ಬಿಡಲು ವರ್ಷಗಳು ಬೇಕು. ಇದನ್ನೆಲ್ಲ ಓದಿದ್ದು ಗಿಡ ಹೋದ ಮೇಲೆ.

ಈಗ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್. ಅದು ಆನ್ ಇದ್ದಾಗ ತೆಗೆದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಜಾಗದ ವಿವರವೂ ಜೊತೆಗೇ ಹೋಗುತ್ತದೆ. ಹಾಸ್ಟೆಲಿನ ಕಂಪ್ಯೂಟರ್ ಸೈನ್ಸ್ ಹುಡುಗರಿಗೇ ಇದು ಗೊತ್ತಿರಲಿಲ್ಲ, ನನ್ನದು ಸಿವಿಲ್ ಬಿಡಿ.

ಈ ಸಲ ಇನ್ನೊಂದು ಮರದಲ್ಲಿ ಚಿಕ್ಕ ಸೀತಾಳೆ ಸಿಕ್ಕಿದೆ, ಮೊಗ್ಗು ಬಂದಿದೆ. ಎಲ್ಲಿ ಅಂತ ರೂಮ್‌ಮೇಟ್ ಕೇಳಿದ. "ಊರಿಗೆ ಬಾ, ಕರ್ಕೊಂಡು ಹೋಗ್ತೀನಿ. ಮೊಬೈಲ್ ಮಾತ್ರ ಮನೇಲಿ ಇಟ್ಟು ಬರಬೇಕು" ಅಂದೆ. ಮುಂದಿನ ಭಾನುವಾರ ಬರುತ್ತಾನಂತೆ.