ಹಿಗ್ಗಿನ್ಸ್ ಭಾಗವತರು

ಹನುಮಂತನಗರದ ರಾಮಾಂಜನೇಯ ಗುಡ್ಡದ ಸುತ್ತಣ ಬೀದಿಗಳಲ್ಲಾಗಲಿ, ನೆರೆಯ ಬಸವನಗುಡಿ, ಚಾಮರಾಜಪೇಟೆಗಳಲ್ಲಾಗಲಿ, ಸಂಗೀತಾಭ್ಯಾಸವುಳ್ಳ ಮನೆಗಳಲ್ಲಿ “ಕೃಷ್ಣಾ ನೀ ಬೇಗನೆ ಬಾರೋ” ಎಂಬ ದೇವರನಾಮವನ್ನು ಅರಿಯದವರು ವಿರಳ. ಯಮುನಾಕಲ್ಯಾಣಿ ರಾಗದಲ್ಲಿ ಪ್ರಸಿದ್ಧವಾಗಿರುವ ಈ ಪದವನ್ನು ರಚಿಸಿದವರು ಪುರಂದರ ಕನಕರಿಗೆ ಗುರುಗಳೆನಿಸಿದ ಶ್ರೀ ವ್ಯಾಸರಾಯರು (1460–1539). ಅವರು 732 ಹನುಮಂತಮೂರ್ತಿಗಳನ್ನು ಪ್ರತಿಷ್ಠಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಅಂತಹ ಯತಿಗಳ ಹಾಡು ಹನುಮನ ಹೆಸರನ್ನೇ ಹೊತ್ತ ಬಡಾವಣೆಯಲ್ಲಿ ಮನೆಮಾತಾಗಿರುವುದು ಸಹಜವೇ ಸರಿ. ಆದರೆ ಕನ್ನಡದ ಗಂಧವೂ ಇಲ್ಲದೆ ಬೆಳೆದ ಅಮೆರಿಕ ದೇಶದ ಗಾಯಕರೊಬ್ಬರು ಅದೇ ಹಾಡನ್ನು ಕನ್ನಡಿಗರೂ ತಲೆದೂಗುವಂತೆ ಹಾಡಿದರೆಂಬುದು ವಾಚಕರು ಮನಸ್ಸಿಗೆ ತಂದುಕೊಳ್ಳತಕ್ಕ ಸಂಗತಿ.

ಆ ಗಾಯಕರೇ ಜಾನ್ ಹಿಗ್ಗಿನ್ಸ್. ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಲಿಯು ರಾಮನವಮಿಯ ಸಂಗೀತೋತ್ಸವವನ್ನು ಆರಂಭಿಸಿದ 1939ನೆಯ ಇಸವಿಯಲ್ಲಿಯೇ, ಮ್ಯಾಸಚೂಸೆಟ್ಸ್ ಪ್ರಾಂತದ ಆಂಡೋವರ್ ಎಂಬ ಊರಿನಲ್ಲಿ ಅವರ ಜನನವಾಯಿತು. ತಂದೆ ಅಲ್ಲಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಉಪಾಧ್ಯಾಯರು. ತಾಯಿ ಅದೇ ಶಾಲೆಯಲ್ಲಿ ಸಂಗೀತವನ್ನು ಕಲಿಸುತ್ತಿದ್ದವರು. ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಹಿಗ್ಗಿನ್ಸರಿಗೆ ಕರ್ನಾಟಕ ಸಂಗೀತದ ಪರಿಚಯ ದೊರೆಯಿತು. ಮೃದಂಗ ವಿದ್ವಾಂಸರಾದ ಟಿ. ರಂಗನಾಥನ್ ಅವರ ಶಿಕ್ಷಣವು ಅಲ್ಲಿಯೇ ಲಭಿಸಿತು. ಬಳಿಕ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ನೆರವಿನಿಂದ ಮದರಾಸಿಗೆ ಬಂದು, ರಂಗನಾಥನ್ನರ ಸೋದರರೂ ಕೊಳಲಿನಲ್ಲಿ ಪ್ರಸಿದ್ಧರೂ ಆದ ಟಿ. ವಿಶ್ವನಾಥನ್ ಅವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡರು. 1965ರಲ್ಲಿ ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹಾಡಿ ಜನರ ಮೆಚ್ಚಿಕೆಯನ್ನು ಪಡೆದರು.

ಈ ಕಲಿಕೆಯು ಎಷ್ಟು ಕಷ್ಟಸಾಧ್ಯವೆಂಬುದನ್ನು ಸ್ವಲ್ಪ ಯೋಚಿಸಬೇಕು. ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರವು ಬರೆದಿಟ್ಟ ಸ್ಥಾನದಲ್ಲಿ ನೇರವಾಗಿ ನಿಲ್ಲುವುದು; ನಮ್ಮಲ್ಲಿ ಒಂದು ಸ್ವರದಿಂದ ಮತ್ತೊಂದಕ್ಕೆ ಸಾಗುವ ಓಲಾಟವಾದ ಗಮಕವೇ ರಾಗದ ಜೀವ. ಅದನ್ನು ಕಾಗದದಿಂದ ಕಲಿಯಲಾಗದು; ಗುರುವಿನೆದುರು ಕುಳಿತು ಕಿವಿಯಿಂದಲೇ ಕಲಿಯಬೇಕು. ಭಾಷೆಯ ತೊಡಕು ಇದಕ್ಕಿಂತಲೂ ಹೆಚ್ಚಿನದು. ಇಂಗ್ಲಿಷಿನ ನಾಲಗೆಗೆ ತಕಾರ ಟಕಾರಗಳ, ನಕಾರ ಣಕಾರಗಳ ಭೇದವು ಸುಲಭವಾಗಿ ಒಗ್ಗುವುದಿಲ್ಲ. ಏಕಾರವನ್ನು ಎಳೆದರೆ ತುದಿಯಲ್ಲಿ ಯಕಾರದ ಛಾಯೆಯೂ, ಓಕಾರವನ್ನು ಎಳೆದರೆ ವಕಾರದ ಛಾಯೆಯೂ ಇಣುಕುವುವು. ಮೇಲೆ ಹೇಳಿದ ದೇವರನಾಮದ ಪಲ್ಲವಿಯಲ್ಲಿಯಾದರೋ ಏಕಾರ ಓಕಾರಗಳೆರಡೂ ದೀರ್ಘವಾಗಿ ನಿಂತು ಕರೆಯ ಭಾವವನ್ನು ಹೊರತಕ್ಕವು. ಹಿಗ್ಗಿನ್ಸರ ಧ್ವನಿಮುದ್ರಿಕೆಯನ್ನು ಕೇಳಿದವರಿಗೆ ಈ ಅಕ್ಷರಗಳ ಹಿಂದೆ ಎಷ್ಟು ಸಾಧನೆಯಿದ್ದಿತೆಂಬುದು ತಾನಾಗಿಯೇ ಗೋಚರವಾಗುವುದು.

ಉಚ್ಚಾರವೊಂದರಿಂದಲೇ ಹಾಡು ಹಾಡಾಗದು. ವಿಶ್ವನಾಥನ್, ರಂಗನಾಥನ್ ಇಬ್ಬರೂ ವೀಣೆ ಧನಮ್ಮಾಳ್ ಅವರ ಮೊಮ್ಮಕ್ಕಳು; ಭರತನಾಟ್ಯದ ಬಾಲಸರಸ್ವತಿಯವರು ಇವರ ಅಕ್ಕ. ಬಾಲಸರಸ್ವತಿಯವರು ಇದೇ ದೇವರನಾಮಕ್ಕೆ ಮಾಡುತ್ತಿದ್ದ ಅಭಿನಯವು ಲೋಕವಿಖ್ಯಾತವಾದುದು. ಹಿಗ್ಗಿನ್ಸರು ಅವರ ಬಳಿ ನಾಟ್ಯಸಂಗೀತವನ್ನು ಅಭ್ಯಸಿಸಿ, ಅದೇ ವಿಷಯದ ಮೇಲೆ ಪ್ರಬಂಧವನ್ನು ಬರೆದು 1973ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆಡುತ್ತಿರುವ ಮಗುವನ್ನು ತಾಯಿ ಕರೆಯುವ ಆರ್ತತೆ, ಮಗುವಿನ ಬಾಯಲ್ಲಿ ಜಗತ್ತನ್ನು ಕಂಡ ವಿಸ್ಮಯ, ಇವೆರಡನ್ನೂ ತಿಳಿದು ಹಾಡಿದುದರಿಂದಲೇ ಅವರ ಗಾಯನವು ಅನುಕರಣವೆನಿಸಲಿಲ್ಲ.

ದಕ್ಷಿಣದ ರಸಿಕರು ಅವರನ್ನು ಹಿಗ್ಗಿನ್ಸ್ ಭಾಗವತರೆಂದು ಕರೆದರು. ಭಗವಂತನ ಗುಣಗಳನ್ನು ಹಾಡಿ ಜೀವಿಸುವವರಿಗೆ ಸಲ್ಲುವ ಆ ಹೆಸರನ್ನು ಜನರು ಪರದೇಶದವರೆಂದು ಅವರಿಗೆ ತಪ್ಪಿಸಲಿಲ್ಲ. ಉಡುಪಿಯಲ್ಲಿ ಅವರಿಗೆ ಗುಡಿಯ ಪ್ರವೇಶವು ದೊರೆಯದಿರಲು, ಹೊರಗೆ ನಿಂತು ಈ ದೇವರನಾಮವನ್ನು ಹಾಡಿದರೆಂದೂ, ಆಗ ಒಳಗೆ ಕರೆದರೆಂದೂ ಕಥೆಯೊಂದು ಜನರ ಬಾಯಲ್ಲಿದೆ. ಅದೇ ಊರಿನಲ್ಲಿ ಕನಕದಾಸರ ಕಿಂಡಿಯ ಐತಿಹ್ಯವಿದೆಯಷ್ಟೆ. ಬಾಗಿಲು ಮುಚ್ಚಿದ್ದರೂ ಭಕ್ತಿಯ ದನಿ ಒಳಹೊಗುವುದೆಂದು ನಂಬುವ ನಾಡು, ಪರದೇಶದ ಗಾಯಕರಿಗೂ ಅಂತಹುದೇ ಕಥೆಯೊಂದನ್ನು ಕಟ್ಟಿಕೊಟ್ಟು ತನ್ನವರಲ್ಲಿ ಸೇರಿಸಿಕೊಂಡಿತು.

1971ರಲ್ಲಿ ಮೃದಂಗ ವಿದ್ವಾನ್ ತಿರುಚ್ಚಿ ಶಂಕರನ್ ಅವರೊಡಗೂಡಿ ಕೆನಡಾದ ಟೊರಾಂಟೊ ನಗರದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ಸಂಗೀತದ ಶಿಕ್ಷಣವನ್ನು ಹಿಗ್ಗಿನ್ಸರು ಸ್ಥಾಪಿಸಿದರು. 1978ರಲ್ಲಿ ತಾವು ಓದಿದ ವೆಸ್ಲಿಯನ್ನಿಗೇ ಪ್ರಾಧ್ಯಾಪಕರಾಗಿ ಮರಳಿದರು. 1984ನೆಯ ಡಿಸೆಂಬರ್ 7ರಂದು, ನಾಯಿಯೊಡನೆ ನಡೆದುಹೋಗುತ್ತಿದ್ದವರಿಗೆ ಕುಡಿದು ಮೋಟಾರು ನಡೆಸುತ್ತಿದ್ದವನೊಬ್ಬನ ಬಂಡಿ ಬಡಿದು ಪ್ರಾಣವು ಹೋಯಿತು. ಆಗ ಅವರಿಗೆ 45 ವರ್ಷ ವಯಸ್ಸು.

ಈಗ ನಮ್ಮ ಮನೆಗಳ ಮಾತು. ಮಕ್ಕಳು ನಾಲ್ಕು ದೇವರನಾಮಗಳನ್ನು ಒಪ್ಪಿಸಿಬಿಟ್ಟರೆ ತಂದೆತಾಯಿಗಳಿಗೆ ತೃಪ್ತಿ. ಅಲ್ಪಪ್ರಾಣ ಮಹಾಪ್ರಾಣಗಳು ಕಲಸಿದರೂ, ಅರ್ಥವು ತಿಳಿಯದಿದ್ದರೂ, ನಮ್ಮ ಭಾಷೆಯೇ ಅಲ್ಲವೆ, ಬಾರದೆ ಎಲ್ಲಿಗೆ ಹೋದೀತೆಂಬ ಧೈರ್ಯ. ಹುಟ್ಟಿನಿಂದ ದೊರೆಯುವುದು ಸಲಿಗೆ ಮಾತ್ರ. ಸೊತ್ತಾಗಬೇಕಾದರೆ ಪ್ರತಿಯೊಂದು ತಲೆಮಾರೂ ಅದನ್ನು ದುಡಿದು ಗಳಿಸಬೇಕು. ಆಂಡೋವರಿನ ಉಪಾಧ್ಯಾಯರ ಮಗ ಗಳಿಸಿಕೊಂಡರು. ಮಗುವಿಗೆ ಹಾಡನ್ನು ಹೇಳಿಕೊಡುವ ಮುನ್ನ ಅದರ ಅರ್ಥವನ್ನು ಹತ್ತು ನಿಮಿಷ ಕಥೆಯಾಗಿ ಹೇಳಿ, ಸಾಹಿತ್ಯವನ್ನು ರಾಗವಿಲ್ಲದೆ ಒಮ್ಮೆ ಸ್ಪಷ್ಟವಾಗಿ ಓದಿಸಿದರೆ, ಆ ಗಳಿಕೆಯ ಮೊದಲ ಕಾಸು ನಮ್ಮ ಮನೆಯಲ್ಲಿಯೂ ಕೂಡಿದಂತಾಗುವುದು.